ಹಟಮಾರಿ ಗಿರಾಕಿಯ ಗಿಟಾರ್

ಫೆಬ್ರವರಿ 4

ಮಗಳಿಗೆ,

ಅಪ್ಪನ ಅಕ್ಷರ ನೋಡಿ ಗಾಬರಿ ಬೀಳಬೇಡ. ಮನೆಯಲ್ಲಿ ಇಬ್ಬರೂ ನೆಟ್ಟಗಿದ್ದೇವೆ. ಫೋನ್ ಮಾಡಬಹುದಿತ್ತು, ಆದರೆ ಮೂವತ್ತು ವರ್ಷ ಕಂಪ್ರೆಸರ್ ಪಕ್ಕದಲ್ಲಿ ನಿಂತು ಬಣ್ಣ ಹೊಡೆದವನ ಕಿವಿ ಇದು. ಫೋನಿನಲ್ಲಿ ಯಾರು ಮಾತಾಡಿದರೂ ಡಬ್ಬದೊಳಗೆ ನೊಣ ಸಿಕ್ಕಿಕೊಂಡ ಹಾಗೆ ಕೇಳುತ್ತದೆ. ಅಮ್ಮನ ಕೈಲಿ ಕೇಳಿಸೋಣವೆಂದರೆ ಅವಳು ನಾಲ್ಕು ಮಾತಿಗೆ ಎಂಟು ಸೇರಿಸುತ್ತಾಳೆ. ನಾನೂ ನೀನೂ ಮಾತು ಬಿಟ್ಟು ಮೂರು ವರ್ಷವಾಯಿತು ಎನ್ನುವುದನ್ನು ನಾನು ಮರೆತಿಲ್ಲ. ಇದು ಕೆಲಸದ ವಿಷಯ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಗಿಟಾರ್ ಕಾರ್ಖಾನೆಯ ಯಜಮಾನರಿಗೆ ಹೊಸ ಹುಚ್ಚು ಹಿಡಿದಿದೆ. ಹೊಸ ಗಿಟಾರನ್ನು ಹಳೆಯದು ಮಾಡಿ ಕೊಡಬೇಕಂತೆ. ಗಿರಾಕಿಗಳು ಅದನ್ನೇ ಕೇಳುತ್ತಾರಂತೆ. ನನ್ನ ಕೆಲಸ ನಿನಗೆ ಗೊತ್ತೇ ಇದೆ. ಮರದ ರಂಧ್ರ ಮುಚ್ಚಿ, ಬಣ್ಣ ಕೊಟ್ಟು, ಅದರ ಮೇಲೆ ಹದಿನೆಂಟು ಕೋಟು ಲ್ಯಾಕರ್ ಮೆರುಗು ಹೊಡೆದು, ನಡುನಡುವೆ ನೀರು ಹಾಕಿ ಉಜ್ಜಿ, ಮೂರು ವಾರ ಕೊಕ್ಕೆಗೆ ನೇತು ಹಾಕಿ ಒಣಗಿಸಿ, ಮೂಗಿಟ್ಟು ಮೂಸಿ, ವಾಸನೆ ಪೂರ್ತಿ ಹೋದ ಮೇಲೆ ಹೊಳಪು ಕೊಡುವವನು ನಾನು. ಅಷ್ಟೆಲ್ಲ ಮಾಡಿ ಕೆಳಗಿಳಿಸಿದರೆ ಯಜಮಾನರು ಕೈಗೊಂದು ಸರಪಳಿ, ಒಂದು ಗೊಂಚಲು ಬೀಗದ ಕೈ ಕೊಟ್ಟು “ಈಗ ಹೊಡೀರಿ” ಎನ್ನುತ್ತಾರೆ. ಆರ್ಡರ್ ಚೀಟಿಯಲ್ಲಿ ಬರೆದಿರುತ್ತದೆ: ತೋಳು ತಾಗುವಲ್ಲಿ ಇಪ್ಪತ್ತು ವರ್ಷ, ಬೆನ್ನಿಗೆ ಬೆಲ್ಟಿನ ಗೀರು ಹತ್ತು ವರ್ಷ. ತೊಟ್ಟಿಲಲ್ಲಿರುವಾಗಲೇ ಹಲ್ಲು ಕಿತ್ತು ಊರುಗೋಲು ಕೊಡುವ ಕೆಲಸ.

ಕಣ್ಣು ಮುಚ್ಚಿಕೊಂಡು ಒಂದಕ್ಕೆ ಹೊಡೆದೆ. ವಾರದಲ್ಲೇ ವಾಪಸ್ ಬಂತು. “ಇದು ನುಡಿಸಿ ಸವೆದಿದ್ದಲ್ಲ, ಮೆಟ್ಟಿಲ ಮೇಲಿಂದ ಉರುಳಿ ಬಿದ್ದಿದ್ದು” ಅಂದನಂತೆ ಆ ಪುಣ್ಯಾತ್ಮ. ಅವನು ಹೇಳಿದ್ದು ಸರಿ. ನಾನು ಗಿಟಾರ್ ನೋಡಿರುವುದೆಲ್ಲ ಕೊಕ್ಕೆಯ ಮೇಲೆ. ನುಡಿಸುವವರ ಮೈಮೇಲೆ ಅದು ಎಲ್ಲೆಲ್ಲಿ ಸವೆಯುತ್ತದೆ ಎನ್ನುವುದು ನನಗೆ ಗೊತ್ತಿಲ್ಲ. ನಿನಗೆ ಗೊತ್ತು. ತಿಳಿಸಿದರೆ ಉಪಕಾರ.

ನಾನು ನಿನಗೆ ಮಾಡಿಕೊಟ್ಟ ಗಿಟಾರ್ ಸವೆದದ್ದಲ್ಲ, ನೀನು ಕೆರೆದದ್ದು. ಆ ಮಾತು ಈಗ ಬೇಡ.

ಅಪ್ಪ


ಫೆಬ್ರವರಿ 21

ಅಪ್ಪನವರಿಗೆ,

ನೀವು ಬೇಡವೆಂದರೂ ಗಾಬರಿ ಬಿದ್ದೆ. ಲಕೋಟೆ ಒಡೆದು ಮೆಟ್ಟಿಲ ಮೇಲೇ ಕೂತು ಓದಿದೆ. ‘ಇಬ್ಬರೂ ನೆಟ್ಟಗಿದ್ದೇವೆ’ ಎಂಬಲ್ಲಿಗೆ ಬಂದ ಮೇಲೆ ಉಸಿರಾಡಿದೆ.

ಕೇಳಿದ್ದಕ್ಕೆ ಉತ್ತರ. ಬಲ ಮುಂದೋಳು ಗಿಟಾರಿನ ಮೇಲಂಚನ್ನು ದಾಟಿ ತಂತಿಯ ಕಡೆ ಬರುವಲ್ಲಿ ಅಂಗೈಯಗಲ ಜಾಗ ಮೊದಲು ಸವೆಯುತ್ತದೆ. ಹೊಳಪು ಹೋಗುತ್ತದೆ, ಆಮೇಲೆ ಬಣ್ಣ ಹೋಗುತ್ತದೆ, ಕೊನೆಗೆ ಮರ ಕಾಣುತ್ತದೆ. ಅದರ ಸುತ್ತ ಗೆರೆ ಎಳೆದ ಹಾಗಿರಬಾರದು, ಒದ್ದೆ ಬಟ್ಟೆ ಒಣಗುತ್ತಾ ಬಂದ ಹಾಗೆ ಕರಗಿರಬೇಕು. ಬೆನ್ನಿನಲ್ಲಿ ಬೆಲ್ಟ್ ತಾಗುವ ಕಡೆ ಮುಷ್ಟಿಯಷ್ಟು ಜಾಗ, ಗೀರುಗಳೆಲ್ಲ ಒಂದೇ ದಿಕ್ಕಿಗೆ. ಕೆಳತುದಿಯಲ್ಲಿ ಚಕ್ಕೆ ಏಳುತ್ತದೆ, ಏಕೆಂದರೆ ನಾವೆಲ್ಲ ಅದನ್ನು ನೆಲಕ್ಕೆ ಊರಿ ಗೋಡೆಗೆ ಒರಗಿಸುತ್ತೇವೆ. ದಯವಿಟ್ಟು ಮುಖದ ನಟ್ಟನಡುವೆ ಬೀಗದ ಕೈಯಿಂದ ಹೊಡೆಯಬೇಡಿ. ಅಲ್ಲಿ ಯಾರ ಮೈಯೂ ತಾಗುವುದಿಲ್ಲ.

ಇಂಥದ್ದು ಯಾಕೆ ಬೇಕು ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಥಳಥಳ ಹೊಳೆಯುವ ಹೊಸದನ್ನು ಹಿಡಿದರೆ ಮೊದಲ ಗೀರು ಯಾವಾಗ ಬೀಳುತ್ತದೋ ಎಂಬ ಭಯವೇ ಆಗುತ್ತದೆ, ಕೈ ಓಡುವುದಿಲ್ಲ. ಎಲ್ಲರೂ ಹಾಗಲ್ಲ. ನಮ್ಮ ತಂಡದಲ್ಲಿ ನನ್ನ ಜೊತೆ ನುಡಿಸುವವನನ್ನು ‘ಬಾಣ’ ಎಂದು ಕರೆಯುತ್ತೇವೆ. ಅವನದು ಬಾಣದ ತುದಿಯ ಆಕಾರದ್ದು, ಕಡುಗಪ್ಪು, ಒಂದು ಬೆರಳಚ್ಚು ಬಿದ್ದರೂ ಒರೆಸುತ್ತಾನೆ. ನಿಂತರೆ ಭಲೇ ಎನ್ನಬೇಕು. ಕೂತರೆ ತೊಡೆಯಿಂದ ಜಾರಿ ಬೀಳುತ್ತದೆ. ಹಾಗಾಗಿ ಪಾಪ, ತಾಲೀಮಿನ ನಾಲ್ಕು ಗಂಟೆಯೂ ನಿಂತೇ ಇರುತ್ತಾನೆ.

ಸವೆದದ್ದಕ್ಕೂ ಕೆರೆದದ್ದಕ್ಕೂ ವ್ಯತ್ಯಾಸ ನನಗೆ ಗೊತ್ತು. ಆ ಮಾತು ನನಗೂ ಬೇಡ.

ಇತಿ,
ಮಗಳು


ಮಾರ್ಚ್ 10

ಚಿನಕುರುಳಿಗೆ,

ನೀನು ಹೇಳಿದ ಹಾಗೆಯೇ ಮಾಡಿದೆ. ಸರಪಳಿ ಮೂಲೆಗೆಸೆದು ಒದ್ದೆ ಬಟ್ಟೆಯ ಲೆಕ್ಕದಲ್ಲಿ ಉಜ್ಜಿದೆ. ಗಿರಾಕಿ ಕೈಗೆತ್ತಿಕೊಂಡವನೇ ಕಣ್ಣಲ್ಲಿ ನೀರು ತಂದುಕೊಂಡ. “ನಮ್ಮ ತಾತ ನುಡಿಸಿದ್ದ ಹಾಗೇ ಇದೆ ಸಾರ್” ಅಂದ. ತಾತ ಏನು ಮಾಡುತ್ತಿದ್ದರು ಎಂದು ಯಜಮಾನರು ಕೇಳಿದರೆ ಹಲ್ಲಿನ ಡಾಕ್ಟರಂತೆ. ಮರ ಕತ್ತರಿಸುವ ನಮ್ಮ ಗರಗಸದಣ್ಣ ನಗು ತಡೆಯಲಾರದೆ ಎದ್ದು ಹೊರಗೆ ಹೋದ. ಅವನು ನಿನ್ನನ್ನು ಕೇಳಿದ ಎಂದು ಬರೆಯಲು ಹೇಳಿದ್ದಾನೆ.

ನಿನ್ನ ಕಾಗದದ ತುಂಬ ನೀವು, ನಿಮ್ಮ, ದಯವಿಟ್ಟು. ಯಾರೋ ಇನ್‌ಸ್ಪೆಕ್ಟರಿಗೆ ಬರೆದ ಹಾಗಿದೆ. ಮಾತು ಕಲಿತಾಗಿನಿಂದ ಎಂದಾದರೂ ನನಗೆ ನೀವು ಅಂದವಳೇ ನೀನು? ನನಗೆ ಬೇಜಾರಾಯಿತು. ಬೇಜಾರಾಗಲಿ ಎಂದೇ ಬರೆದಿದ್ದರೆ ಸರಿ.

ಈಗ ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಗಿಟಾರಿನ ಮೇಲೆ, ಆ ಕೆರೆದ ಜಾಗದ ಮೇಲೆ, ತೆಳು ಕಾಗದವಿಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿ ಕಳಿಸುತ್ತೀಯಾ? ಚಿಕ್ಕವಳಿದ್ದಾಗ ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುತ್ತಿದ್ದೆಯಲ್ಲ, ಹಾಗೆ. ತೋಳು ಕೂರುವ ಜಾಗದ ಅಳತೆ ಬೇಕಾಗಿದೆ. ಕೆಲಸಕ್ಕೆ.

ಅಪ್ಪ


ಮಾರ್ಚ್ 30

ಅಪ್ಪಾ,

ಒಂದು ಕಾಗದ ಸಾಲಲಿಲ್ಲ. ಎರಡು ಅಂಟಿಸಿ ಉಜ್ಜಿದ್ದೇನೆ. ಬೇರೇನು ಬರೆಯಬೇಕೋ ತೋಚುತ್ತಿಲ್ಲ. ಗರಗಸದಣ್ಣನಿಗೆ ಕೇಳಿದೆ ಎಂದು ಹೇಳುವುದು.

ಮಗಳು


ಏಪ್ರಿಲ್ 22

ಚಿನಕುರುಳೀ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತು ಕೂತು ಎದ್ದಿದ್ದೇನೆ. ಲ್ಯಾಕರ್ ಒಣಗುವುದಕ್ಕೆ ಬೇಕಾಗುವಷ್ಟೇ ದಿನ ನನಗೂ ಬೇಕಾಯಿತು.

ಮೂರು ವರ್ಷದ ಹಿಂದೆ ನೀನು ಮನೆಗೆ ಬಂದು ಗಿಟಾರಿನ ಪೆಟ್ಟಿಗೆ ತೆರೆದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ನಡುವೆ ಜೇನು, ಅಂಚಿಗೆ ಹೋಗುತ್ತಾ ಹೋಗುತ್ತಾ ಕಪ್ಪು, ನನ್ನ ಕೈಯಿಂದ ಅಂಥ ಬಣ್ಣ ಮತ್ತೊಮ್ಮೆ ಬಂದಿಲ್ಲ. ಅದರ ಮೇಲೆ ಬರಿ ಮರ ಕಂಡದ್ದೇ ನನಗೆ ಕಣ್ಣು ಕತ್ತಲೆ ಬಂತು. “ನನ್ನ ಚರ್ಮನೇ ಸುಲಿದುಬಿಟ್ಟೆಯಲ್ಲೇ” ಅಂದು ಕೆಲಸಕ್ಕೆ ಹೊರಟುಹೋದೆ. ಸಂಜೆ ಬಂದಾಗ ನೀನಿರಲಿಲ್ಲ. ಯಾವ ಗಿಟಾರನ್ನೂ ಅಡ್ಡ ಬೆಳಕಿನಲ್ಲಿ ನಾಲ್ಕು ಸಲ ತಿರುಗಿಸಿ ನೋಡದೆ ಕೆಳಗಿಡದ ನಾನು, ಆವತ್ತು ಬಾಗಿಲಿನಿಂದ ಒಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಈಗ ನೋಡಿದೆ. ನಿನ್ನ ಕಾಗದವನ್ನು ಬೆಂಚಿನ ಮೇಲೆ ಹರಡಿ ದೀಪವನ್ನು ಅಡ್ಡ ತಿರುಗಿಸಿ ನೋಡಿದೆ. ಮೊದಲು ಒರಟು ಅರ, ಆದರೆ ನಾಲ್ಕೇ ಎಳೆತ. ಆಮೇಲೆ ನಯವಾದ ಅರ, ಮರದ ಎಳೆಯ ಜೊತೆಯಲ್ಲೇ ಹೋಗಿದ್ದೀಯ, ಎಲ್ಲೂ ಎದುರು ಹೋಗಿಲ್ಲ. ಆಮೇಲೆ ಮೂರು ತರದ ಉಪ್ಪುಕಾಗದ. ಮತ್ತೆ ಬಣ್ಣ ಶುರುವಾಗುವಲ್ಲಿ ಕೂದಲೆಳೆಯಷ್ಟು ತೆಳ್ಳಗೆ, ನೇರ ಒಂದು ಗೆರೆ. ಅದು ಟೇಪಿನ ಗೆರೆ. ಉಳಿದ ಬಣ್ಣಕ್ಕೆ ಅರ ತಾಗದಿರಲಿ ಎಂದು ನೀನು ಟೇಪ್ ಅಂಟಿಸಿದ್ದೆ. ಸಿಟ್ಟಿನಲ್ಲಿ ಕೆರೆಯುವವರು ಟೇಪ್ ಅಂಟಿಸುವುದಿಲ್ಲ, ಮಗಳೇ. ತೋಳಿನಿಂದ ಕಣ್ಣು ಒರೆಸಿಕೊಂಡೆ. ಗರಗಸದಣ್ಣ ಏನಾಯಿತು ಎಂದು ಕೇಳಿದ, ಧೂಳು ಎಂದೆ.

ಅವನನ್ನು ಕಂಡಾಗ ಇನ್ನೊಂದು ನೆನಪಾಯಿತು. ಅದನ್ನು ನಿನಗೆ ಹೇಳದಿದ್ದರೆ ಈ ಕಾಗದ ಬರೆದೂ ಪ್ರಯೋಜನವಿಲ್ಲ. ನಿನ್ನ ಗಿಟಾರಿಗೆ ಮರ ಕೊರೆಯುವಾಗ ಅವನು ಕೇಳಿದ್ದ, “ತೋಳಿಗೆ ಇಳಿಜಾರು ಕೊಡ್ಲಾ? ಅಂಚು ಚೂಪಾಗಿದೆ, ಹುಡುಗಿ ಕೈಗೆ ಒತ್ತುತ್ತೆ.” ನಾನು ಬೇಡ ಅಂದೆ. ಇಳಿಜಾರಿನ ಮೇಲೆ ಜೇನು ಬಣ್ಣ ಕಪ್ಪಿಗೆ ತಿರುಗುವುದು ಅಂದಗೆಡುತ್ತದೆ, ಚೂಪು ಅಂಚಿನ ಮೇಲಾದರೆ ಬೆಳಕು ದಾರದ ಹಾಗೆ ಓಡುತ್ತದೆ. “ಭಾರದ ಮರ ಬೇಡ” ಎಂದೂ ಅಂದಿದ್ದ. ಅದಕ್ಕೂ ಕಿವಿಗೊಡಲಿಲ್ಲ, ಭಾರದ ಮರಕ್ಕೆ ಹೊಳಪು ಚೆನ್ನಾಗಿ ಕೂರುತ್ತದೆ. ನಾನು ಬಣ್ಣಕ್ಕೆ ಗಿಟಾರ್ ಮಾಡಿದೆ, ನಿನಗೆ ಮಾಡಲಿಲ್ಲ.

ತಪ್ಪು ನನ್ನದು. ಮೂರು ವರ್ಷ ಮುಖ ಊದಿಸಿಕೊಂಡು ಕೂತದ್ದೂ ನನ್ನದೇ ತಪ್ಪು. ಕ್ಷಮಿಸು.

ನಿನ್ನ ಕೈಗೆ ಏನಾಗಿತ್ತು? ಹೇಳು.

ಅಪ್ಪ


ಮೇ 9

ಅಪ್ಪಾ,

ನೀನು ಅಂತಲೇ ಬರೆಯುತ್ತೇನೆ, ಇನ್‌ಸ್ಪೆಕ್ಟರೇ.

ಓದಿ ಅತ್ತೆ. ಡ್ರಮ್ ಬಾರಿಸುವ ಗೆಳತಿ ನನ್ನ ರೂಮಿನಲ್ಲೇ ಇರುವವಳು, ಹೆದರಿ ನೀರು ತಂದುಕೊಟ್ಟಳು. “ಏನಾಯ್ತೇ?” ಅಂದಳು. “ನಮ್ಮಪ್ಪ ಟೇಪ್ ನೋಡಿದ್ರು” ಅಂದೆ. ಅವಳಿಗೆ ತಲೆ ಬುಡ ತಿಳಿಯಲಿಲ್ಲ.

ಕೈಗೆ ಆದದ್ದು ಇಷ್ಟು. ನೀನು ಗಿಟಾರ್ ಕೊಟ್ಟ ಎರಡನೇ ವರ್ಷ, ಒಂದು ಗಂಟೆ ನುಡಿಸಿದರೆ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯಲು ಶುರುವಾಯಿತು. ಚಳಿಗೆ ಅಂದುಕೊಂಡೆ. ಒಂದು ದಿನ ವೇದಿಕೆಯ ಮೇಲೆ ತಂತಿ ಮೀಟುವ ಬಿಲ್ಲೆ ಕೈಯಿಂದ ಬಿದ್ದೇಹೋಯಿತು, ಬಿದ್ದದ್ದೂ ನನಗೆ ಗೊತ್ತಾಗಲಿಲ್ಲ. ಡಾಕ್ಟರು ಮುಂದೋಳಿನ ಮೇಲಿದ್ದ ಕೆಂಪು ಗೆರೆ ನೋಡಿ, “ಏನ್ ಇಟ್ಕೊಂಡು ಕೂರ್ತೀರಮ್ಮ ಈ ಕೈ ಮೇಲೆ?” ಅಂದರು. ಇಲ್ಲ ಆ ಗಿಟಾರ್ ಬಿಡಿ, ಇಲ್ಲ ಆ ಅಂಚು ತೆಗೆಸಿ ಅಂದರು.

ಮೂರು ವಾರ ಅದನ್ನು ಮುಂದಿಟ್ಟುಕೊಂಡು ಕೂತಿದ್ದೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ಬಡಗಿಯಿಂದ ಅರ ಇಸಿದುಕೊಂಡು ಟೆರೇಸಿಗೆ ಹೋದೆ. ಮೊದಲ ಗೀರು ಎಳೆಯುವ ಮೊದಲು ‘ಸಾರಿ’ ಅಂದೆ. ಗಿಟಾರಿಗೆ ಹೇಳಿದೆ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ನಿನಗೆ ಹೇಳಿದ್ದು.

ಆವತ್ತು ನಾನು ಮನೆಗೆ ಯಾಕೆ ಬಂದೆ ಗೊತ್ತಾ? ಆ ಕೆಲಸ ನಿನಗೆ ತೋರಿಸುವುದಕ್ಕೆ. ನೀನು ಅಡ್ಡ ಬೆಳಕಿಗೆ ಹಿಡಿದು ನೋಡುತ್ತೀಯ, ‘ಪರವಾಗಿಲ್ವೇ, ಕೈ ಪಳಗಿದೆ’ ಅನ್ನುತ್ತೀಯ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ನೀನು ಹಾಗೆ ಅಂದು ಹೊರಟುಹೋದ ಮೇಲೆ ನನಗೂ ಸಿಟ್ಟು ಬಂತು, ನಿನ್ನ ಮಗಳಲ್ಲವೇ. ಬೆರಳಿನ ವಿಷಯ ಹೇಳಬಹುದಿತ್ತು. ಹೇಳಿದ್ದರೆ ನೀನು ನಿನ್ನನ್ನೇ ಬೈದುಕೊಳ್ಳುತ್ತಿದ್ದೆ. ಅದಕ್ಕಿಂತ ನನ್ನನ್ನು ಬೈಯುವುದೇ ವಾಸಿ ಅನ್ನಿಸಿತು.

ಕ್ಷಮಿಸುವುದು ಗಿಮಿಸುವುದು ಇಲ್ಲ. ಮುಗಿಯಿತು. ಬೆರಳುಗಳು ಈಗ ಚೆನ್ನಾಗಿವೆ. ಎಲ್ಲ ಸರಿಯಾಗಿದೆ.

ನಿನ್ನ
ಚಿನಕುರುಳಿ


ಮೇ 28

ಚಿನಕುರುಳೀ,

ಕೈ ಪಳಗಿದೆ. ಮೂರು ವರ್ಷ ತಡವಾಗಿ ಹೇಳುತ್ತಿದ್ದೇನೆ. ನಮ್ಮ ಕಾರ್ಖಾನೆಯಲ್ಲಿ ಎಂಟು ವರ್ಷ ಕೆಲಸ ಮಾಡಿದವರೂ ಮರದ ಎಳೆಯನ್ನು ಅಷ್ಟು ಚೆನ್ನಾಗಿ ಅನುಸರಿಸುವುದಿಲ್ಲ.

ಈಗ ಬೇರೆ ವಿಷಯ. ನನ್ನ ಹತ್ತಿರ ಒಬ್ಬ ಗಿರಾಕಿ ಬಂದಿದ್ದಾಳೆ. ಹಟಮಾರಿ. ಏನು ಬೇಕೆಂದು ಬಾಯಿಬಿಟ್ಟು ಹೇಳುವವಳಲ್ಲ. ನಿನ್ನದೇ ವಯಸ್ಸು, ನಿನ್ನಷ್ಟೇ ಎತ್ತರ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಅಂಥವಳಿಗೆ ಒಂದು ಗಿಟಾರ್ ಮಾಡುವುದಾದರೆ ಎಷ್ಟು ಭಾರ ತಾಳಬಹುದು? ಕುತ್ತಿಗೆಯ ಪಕ್ಕ ಚಾಚಿಕೊಳ್ಳುವ ಕೊಂಬು ಒಂದೋ ಎರಡೋ? ಕುತ್ತಿಗೆಯ ಹಿಂಬದಿಗೆ ಹೊಳಪು ಬೇಕೋ ಬೇಡವೋ? ನಿಂತಾಗ ಹೆಗಲಿನ ಪಟ್ಟಿ ಎಷ್ಟು ಇಳಿಬಿಡುತ್ತಾರೆ? ಹೆಗಲಿನಿಂದ ಸೊಂಟದವರೆಗೆ ಅಳತೆ ತೆಗೆದು ಕಳಿಸು. ನಿನ್ನದು ಸಾಕು, ಅವಳಿಗೂ ಅಷ್ಟೇ ಇರುತ್ತದೆ.

ಬಣ್ಣ ಯಾವುದು ಎನ್ನುವುದನ್ನೂ ಬರೆ. ನಾನು ಬಾಯಿ ಹಾಕುವುದಿಲ್ಲ.

ಅಪ್ಪ

(ನಾನು ಅಮ್ಮ. ಲಕೋಟೆ ಅಂಟಿಸಲು ನನ್ನ ಕೈಗೆ ಕೊಟ್ಟರು, ಅದೇ ಅವರು ಮಾಡಿದ ತಪ್ಪು. ನಿನ್ನ ಹೆಗಲಿನ ವಿಷಯ ಅಪ್ಪನಿಗೆ ಹೇಳಬೇಡ ಅಂತ ನೀನು ಅಂದಿದ್ದೆ. ಹೇಳಿಬಿಟ್ಟೆ. ಆ ಭಾರ ಹೊತ್ತು ಹೊತ್ತು ಎಡ ಹೆಗಲಿನ ನರ ಹಿಡಿದುಕೊಂಡಿರುವುದು, ಇನ್ನು ಹೊರಲೇಬಾರದು ಎಂದು ಡಾಕ್ಟರು ಅಂದದ್ದು, ತಂಡದವರು ಹಗುರದ ಗಿಟಾರ್ ತಂದುಕೊಟ್ಟರೂ ನೀನು ಪೆಟ್ಟಿಗೆ ತೆರೆಯದೆ ಇಟ್ಟಿರುವುದು, ಸೆಪ್ಟೆಂಬರಿನ ರೆಕಾರ್ಡಿಂಗಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದದ್ದು, ಎಲ್ಲ ಹೇಳಿದೆ. “ಅಪ್ಪಂದು ಬಿಟ್ಟು ಬೇರೇದು ಹಿಡಿದ್ರೆ ಜಗಳ ಗಟ್ಟಿಯಾಗಿಬಿಡುತ್ತಮ್ಮ, ಅದಕ್ಕಿಂತ ನುಡಿಸೋದೇ ಬಿಡ್ತೀನಿ” ಅಂತ ನೀನು ಫೋನಿನಲ್ಲಿ ಅತ್ತದ್ದನ್ನೂ ಹೇಳಿದೆ. ಮಾರನೇ ದಿನ ಅವರು ನನ್ನ ಅಡುಗೆಮನೆಯ ತಕ್ಕಡಿ ಎತ್ತಿಕೊಂಡು ಕಾರ್ಖಾನೆಗೆ ಹೋದರು. ಇನ್ನೂ ವಾಪಸ್ ತಂದಿಲ್ಲ, ಎಲ್ಲ ಅಂದಾಜಿನ ಮೇಲೆ ಬೇಯಿಸುತ್ತಿದ್ದೇನೆ. ತನಗೆ ಗೊತ್ತು ಎನ್ನುವುದು ನಿನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ನೀನೂ ಹಾಗೇ ಇದ್ದುಬಿಡು. ಅವರಿಗೆ ಅದು ಸಲೀಸು.)


ಜೂನ್ 16

ಅಪ್ಪಾ,

ಹಟಮಾರಿ ಅಂದೆಯಲ್ಲ, ಆ ಗುಣ ಯಾರಿಂದ ಬಂತು ಎಂದು ನಿನ್ನ ಗಿರಾಕಿಯನ್ನು ಒಮ್ಮೆ ಕೇಳು.

ಅಳತೆ ಹಿಂಬದಿಯಲ್ಲಿ ಬರೆದಿದ್ದೇನೆ. ಡ್ರಮ್ಮಿನವಳು ಟೇಪು ಹಿಡಿದಳು, ಬಾಣ ಬರೆದುಕೊಂಡ. ಬಟ್ಟೆ ಹೊಲಿಸುತ್ತಿದ್ದೇನೆ ಅಂದುಕೊಂಡಿದ್ದಾರೆ. ಭಾರ ಮೂರು ಕಿಲೋ ದಾಟಬಾರದು. ಇದು ಗಿರಾಕಿ ಹೇಳದಿದ್ದರೂ ನಾನು ಹೇಳುತ್ತೇನೆ, ಅವಳಿಗೆ ಅಷ್ಟೇ ಆಗುವುದು. ಕೊಂಬು ಎರಡಿರಲಿ, ಮೇಲಿನದು ಸ್ವಲ್ಪ ಉದ್ದವಿರಲಿ, ಇಲ್ಲದಿದ್ದರೆ ಮೈ ಹಗುರವಾದಾಗ ಕುತ್ತಿಗೆ ಕೆಳಗೆ ವಾಲುತ್ತದೆ. ಕುತ್ತಿಗೆಯ ಹಿಂಬದಿಗೆ ಹೊಳಪು ಬೇಡವೇ ಬೇಡ. ಬೆವರಿದಾಗ ಹೆಬ್ಬೆರಳು ಅಂಟಿಕೊಳ್ಳುತ್ತದೆ. ಬೆನ್ನಿನಲ್ಲಿ ಪಕ್ಕೆಲುಬಿಗೆ ಸ್ವಲ್ಪ ಜಾಗ ಕೊಡು. ತೋಳಿನ ಇಳಿಜಾರಿನ ಬಗ್ಗೆ ಹೇಳಬೇಕಾಗಿಲ್ಲ, ಅದರ ಉಜ್ಜಿದ ಕಾಗದ ನಿನ್ನ ಹತ್ತಿರವೇ ಇದೆ.

ಬಣ್ಣದ ಬಗ್ಗೆ ನಿನಗೆ ಬೇಸರವಾಗುವ ಮಾತು ಹೇಳಬೇಕು. ನುಡಿಸುವಾಗ ನಮಗೆ ಗಿಟಾರಿನ ಮುಖ ಕಾಣುವುದಿಲ್ಲ ಅಪ್ಪಾ. ಅದು ಆಚೆ ನೋಡುತ್ತಿರುತ್ತದೆ. ಇಷ್ಟು ವರ್ಷ ನಿನ್ನ ಜೇನು ಬಣ್ಣವನ್ನು ನಾನು ನೋಡಿದ್ದು ಪೆಟ್ಟಿಗೆ ತೆರೆಯುವಾಗ ಒಂದು ಕ್ಷಣ, ಮುಚ್ಚುವಾಗ ಒಂದು ಕ್ಷಣ. ಉಳಿದದ್ದೆಲ್ಲ ಎದುರು ಕೂತವರ ಪಾಲು. ತಲೆ ತಗ್ಗಿಸಿದರೆ ನನಗೆ ಕಾಣುವುದು ಮೇಲಂಚಿನ ದಪ್ಪ ಮಾತ್ರ, ಎರಡು ಬೆರಳಗಲದ ಪಟ್ಟಿ. ಅದು ನನ್ನದರಲ್ಲಿ ಬರಿ ಕಪ್ಪು, ನೀನು ಬಣ್ಣವನ್ನೆಲ್ಲ ಮುಖಕ್ಕೆ ಕೊಟ್ಟಿದ್ದೀಯ. ಇದು ದೂರಲ್ಲ. ನಿನಗೆ ಗೊತ್ತಿರಲಿ ಎಂದು ಹೇಳಿದೆ.

ಹಾಗಾಗಿ ಗಿರಾಕಿಗೆ ಬಣ್ಣ ಬೇಡ. ತೆಳುವಾಗಿ ಎಣ್ಣೆ ಹಚ್ಚಿದರೆ ಸಾಕು. ನಿನ್ನ ಕೈಯಿಂದ ಬಂದರೆ ಸಾಕು ಅವಳಿಗೆ.

ಅಮ್ಮನ ತಕ್ಕಡಿ ವಾಪಸ್ ಕೊಡು.

ನಿನ್ನ
ಚಿನಕುರುಳಿ


ಆಗಸ್ಟ್ 27

ಚಿನಕುರುಳೀ,

ಈ ಕಾಗದದ ಜೊತೆ ಗಿರಾಕಿಯ ಪೆಟ್ಟಿಗೆಯನ್ನೂ ಕಳಿಸುತ್ತಿದ್ದೇನೆ. ಅವಳ ವಿಳಾಸವೂ ನಿನ್ನದೇ ಆಗಿರುವುದರಿಂದ ತೊಂದರೆಯಿಲ್ಲ. ನಿಮ್ಮಮ್ಮ ಬಾಯಿಬಿಟ್ಟಿದ್ದಾಳೆ ಎನ್ನುವುದು ನಿನ್ನ ಮೂರು ಕಿಲೋ ಓದಿದಾಗಲೇ ತಿಳಿಯಿತು, ನಾನೇನು ದಡ್ಡನಲ್ಲ.

ಗರಗಸದಣ್ಣ ಮರದ ಒಳಗಡೆ ನಾಲ್ಕು ಗೂಡು ತೋಡಿ ಟೊಳ್ಳು ಮಾಡಿದ. ಮೊದಲ ಎರಡು ಮರ ಸೀಳಿಹೋದವು. ಮೂರನೆಯದು ನಿಂತಿತು. ತಂತಿ, ದನಿ ತಿರುಗಿಸುವ ಗುಬುಟು ಎಲ್ಲ ಸೇರಿ ಎರಡು ಕಿಲೋ ಒಂಬೈನೂರು ಗ್ರಾಂ. ತಕ್ಕಡಿ ಅಮ್ಮನಿಗೆ ಮುಟ್ಟಿದೆ. ಇಳಿಜಾರನ್ನು ನಾನೇ ತೆಗೆದೆ, ನಿನ್ನ ಕಾಗದ ಪಕ್ಕಕ್ಕಿಟ್ಟುಕೊಂಡು, ಒರಟು ಅರದಲ್ಲಿ ನಾಲ್ಕೇ ಎಳೆತ.

ಆಮೇಲೆ ಮೂವತ್ತು ವರ್ಷದಲ್ಲಿ ಮಾಡದ ಒಂದು ಕೆಲಸ ಮಾಡಿದೆ. ಕೊಕ್ಕೆಯಿಂದ ಇಳಿಸಿ ಪಟ್ಟಿ ಕಟ್ಟಿ ನನ್ನ ಹೆಗಲಿಗೇ ಹಾಕಿಕೊಂಡೆ. ತಂತಿಯಿಲ್ಲದ ಬರಿ ಮೈಯನ್ನು ಹೊತ್ತುಕೊಂಡು ಇಡೀ ದಿನ ಕಾರ್ಖಾನೆಯಲ್ಲಿ ಓಡಾಡಿದೆ, ಹೊತ್ತುಕೊಂಡೇ ಚಹಾ ಕುಡಿದೆ. ಎಲ್ಲರೂ ನಕ್ಕರು. ಯಜಮಾನರು “ಕಛೇರಿ ಯಾವಾಗ ಸ್ವಾಮಿ?” ಅಂದರು. ಅನ್ನಲಿ. ತಲೆ ತಗ್ಗಿಸಿದರೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎನ್ನುವುದು ಆವತ್ತು ನನಗೆ ತಿಳಿಯಿತು. ಇಷ್ಟು ವರ್ಷ ಎಷ್ಟೋ ಜನಕ್ಕೆ ಬಣ್ಣ ಹೊಡೆದು ಕಳಿಸಿದ್ದೇನೆ, ಯಾರ ಜಾಗದಲ್ಲೂ ನಿಂತು ನೋಡಿರಲಿಲ್ಲ.

ಮುಖಕ್ಕೆ ಎಣ್ಣೆ ಮಾತ್ರ ಹಚ್ಚಿದ್ದೇನೆ, ಬಣ್ಣ ಚಿಮ್ಮುವ ಗನ್ ಹಿಡಿಯದೆ ಬರಿಗೈಯಲ್ಲಿ. ಗಿರಾಕಿಯ ಮಾತನ್ನು ಒಂದು ಕಡೆ ಮಾತ್ರ ಮೀರಿದ್ದೇನೆ. ಪೆಟ್ಟಿಗೆಯಲ್ಲಿಟ್ಟುಕೊಂಡು ಹುಡುಕಬೇಡ. ಹೆಗಲಿಗೆ ಹಾಕಿಕೊಂಡು ಆಮೇಲೆ ನೋಡು. ಮೂರು ವಾರ ನೇತು ಹಾಕಿ ಮೂಸಿ ನೋಡಿದ್ದೇನೆ, ವಾಸನೆ ಹೋಗಿದೆ.

ಹಳೆಯದನ್ನು ಇನ್ನು ನನಗೆ ಕೊಡು. ನನ್ನ ಬೆಂಚಿನ ಮೇಲಿನ ಕೊಕ್ಕೆಗೆ ನೇತು ಹಾಕುತ್ತೇನೆ. ಕೆರೆದದ್ದನ್ನು ಮುಚ್ಚುವುದಿಲ್ಲ. ಸರಪಳಿ ಕೆಲಸ ಕೇಳಿಕೊಂಡು ಬಂದವರಿಗೆ, ಇದು ನನ್ನ ಮಗಳು ಮಾಡಿದ್ದು ಎಂದು ತೋರಿಸುತ್ತೇನೆ.

ಹೆಗಲು ಹೇಗಿದೆ, ಅದನ್ನು ಮೊದಲು ಬರೆ.

ಅಪ್ಪ


ಸೆಪ್ಟೆಂಬರ್ 12

ಅಪ್ಪಾ,

ಹೆಗಲು ಚೆನ್ನಾಗಿದೆ. ನಿನ್ನೆ ನಾಲ್ಕು ಗಂಟೆ ನುಡಿಸಿದೆ. ಇವತ್ತು ಬೆಳಿಗ್ಗೆ ಎಡಗೈ ಎತ್ತಿ ತಲೆ ಬಾಚಿಕೊಂಡೆ. ಏಪ್ರಿಲ್‌ನಿಂದ ಅದು ಆಗುತ್ತಿರಲಿಲ್ಲ. ರೆಕಾರ್ಡಿಂಗಿಗೆ ನಾನೇ ಇರುತ್ತೇನೆ ಎಂದು ತಂಡದವರಿಗೆ ಹೇಳಿದ್ದೇನೆ. ಬಾಣ ಖುಷಿಯಾಗಿ ಕುಣಿಯಲು ಹೋಗಿ ತನ್ನ ಗಿಟಾರಿನ ಚೂಪು ತುದಿಯನ್ನು ಬಾಗಿಲಿಗೆ ಹೊಡೆಸಿಕೊಂಡ. ಮೊದಲ ಗೀರು. ಒಂದು ಗಂಟೆ ಅದನ್ನೇ ಒರೆಸಿದ.

ನಿಜ ಹೇಳುತ್ತೇನೆ, ಪೆಟ್ಟಿಗೆ ತೆರೆದಾಗ ಎದೆ ಧಸಕ್ ಎಂದಿತು. ಬರಿ ಮರ. ಬಣ್ಣ ಬೇಡ ಎಂದವಳು ನಾನೇ, ಆದರೂ ನನ್ನಿಂದಾಗಿ ಅಪ್ಪ ಬಣ್ಣವನ್ನೇ ಬಿಟ್ಟುಬಿಟ್ಟನಲ್ಲ ಅನ್ನಿಸಿತು. ನಿನ್ನ ಮಾತು ನೆನಪಾಗಿ ಹೆಗಲಿಗೆ ಹಾಕಿಕೊಂಡೆ. ತೋಳು ಇಳಿಜಾರಿನ ಮೇಲೆ ತಾನಾಗಿ ಹೋಗಿ ಕೂತಿತು. ಆಮೇಲೆ ತಲೆ ತಗ್ಗಿಸಿದೆ.

ಮೇಲಂಚಿನ ಎರಡು ಬೆರಳಗಲದಲ್ಲಿ, ಕೊಂಬಿನ ತುದಿಯಿಂದ ತೋಳಿನವರೆಗೆ, ಅದೇ ಬಣ್ಣ. ಎರಡು ತುದಿಗೆ ಕಪ್ಪು, ನಡುವೆ ಜೇನು, ಪೂರ್ತಿ ಹದಿನೆಂಟು ಕೋಟು ಇರಬೇಕು, ಕಿಟಕಿಯೂ ಅದರಲ್ಲಿ ಕಾಣುತ್ತಿತ್ತು. ನನ್ನ ಮುಖವೂ ಕಂಡಿತು. ಮತ್ತೊಮ್ಮೆ ಬಂದಿಲ್ಲ ಅಂದಿದ್ದೆಯಲ್ಲ, ಬಂದಿದೆ ಅಪ್ಪಾ. ನುಡಿಸುವುದನ್ನು ಬಿಟ್ಟು ತುಂಬ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ.

ರೆಕಾರ್ಡಿಂಗ್ ಮುಗಿದ ಮಾರನೇ ದಿನ ಊರಿಗೆ ಬರುತ್ತೇನೆ, ಎರಡು ಗಿಟಾರೂ ತರುತ್ತೇನೆ. ಹಳೆಯದು ನಿನಗೆ. ಹೊಸದನ್ನು ನಿನ್ನ ಎದುರು ಕೂತು ನುಡಿಸುತ್ತೇನೆ. ಕಿವಿಗೆ ಸರಿಯಾಗಿ ಕೇಳದಿದ್ದರೆ ಅದರ ಬೆನ್ನಿಗೆ ಅಂಗೈ ಇಡು. ಒಳಗೆ ಟೊಳ್ಳಲ್ಲವೇ, ಚೆನ್ನಾಗಿ ನಡುಗುತ್ತದೆ.

ನಿನ್ನೆ ತಾಲೀಮಿನಲ್ಲಿ ಡ್ರಮ್ಮಿನವಳು ನನ್ನ ಎದುರು ನಿಂತು ಅದರ ಮುಖವನ್ನು ಮೇಲಿಂದ ಕೆಳಗೆ ನೋಡಿದಳು. “ಅಲ್ವೇ, ನಿಮ್ಮಪ್ಪ ಬಣ್ಣ ಹೊಡೆಯೋರು ಅಂತಿದ್ದೆಯಲ್ಲ. ನಿಂದಕ್ಕೇ ಬಣ್ಣ ಹಾಕೋದು ಮರೆತುಬಿಟ್ರಾ?” ಅಂದಳು.

ನಾನು ಒಮ್ಮೆ ತಲೆ ತಗ್ಗಿಸಿ ನೋಡಿ, “ಹೂಂ ಕಣೇ, ಮರೆತುಬಿಟ್ಟಿದ್ದಾರೆ” ಅಂದೆ.

ನಿನ್ನ
ಚಿನಕುರುಳಿ